ಸಿನಿಮಾದ ಹುಡುಗನ ಜೇಬಿನಲ್ಲಿ ಎಷ್ಟು ಹಣವಿದೆ?

ಹಾಸನದ ಮೇಷ್ಟ್ರು

ಯುವಜನರ ಬದುಕನ್ನು ಇದ್ದಂತೆಯೇ ತೋರಿಸುವ ಸಿನಿಮಾಗಳು ಹೆಚ್ಚಾಗಿವೆ ಎಂಬ ಮಾತನ್ನು ಪತ್ರಿಕೆಗಳಲ್ಲಿ, ಸಿನಿಮಾ ಮಂದಿಯ ಸಂದರ್ಶನಗಳಲ್ಲಿ ಓದುತ್ತಲೇ ಇದ್ದೇನೆ. ಮಾತು ನಿಜ. ಆದರೆ ‘ಇದ್ದಂತೆ’ ಎನ್ನುವುದಕ್ಕೆ ಅವರು ಕೊಡುವ ಗುರುತುಗಳು ನನಗೆ ಸಾಲುವುದಿಲ್ಲ. ಅಲುಗಾಡುವ ಕ್ಯಾಮೆರಾ, ಬಣ್ಣ ಹಚ್ಚದ ಮುಖ, ಹೊಸ ನಟರು, ನಾಲ್ಕು ಬೈಗುಳ. ಇಷ್ಟೆಲ್ಲ ಇಟ್ಟುಕೊಂಡೂ ಮೊದಲ ದೃಶ್ಯದಿಂದಲೇ ಸುಳ್ಳು ಹೇಳುವ ಚಿತ್ರಗಳಿವೆ. ನಾನು ನೋಡುವುದು ಬೇರೆ. ಈ ಹುಡುಗನ ಜೇಬಿನಲ್ಲಿ ಇವತ್ತು ಎಷ್ಟು ಹಣವಿದೆ, ಅದನ್ನು ಯಾರು ಕೊಟ್ಟರು, ಮುಗಿದರೆ ಯಾರ ಮುಂದೆ ಕೈ ಚಾಚುತ್ತಾನೆ ಎಂಬುದು ಕಥೆ ಬರೆದವರಿಗೆ ಗೊತ್ತಿದೆಯೇ?

2001ರಲ್ಲಿ ಫರ್ಹಾನ್ ಅಖ್ತರ್ ನಿರ್ದೇಶಿಸಿದ ‘ದಿಲ್ ಚಾಹತಾ ಹೈ’ ಬಂದಾಗ ಹಿಂದಿ ಸಿನಿಮಾದ ಯುವಕರು ಮೊದಲ ಬಾರಿಗೆ ಗೆಳೆಯರು ಮಾತನಾಡುವಂತೆ ಮಾತನಾಡಿದರು. ಸಂಭಾಷಣೆ ಹಗುರವಾಯಿತು, ಬಟ್ಟೆ ಬದಲಾಯಿತು, ಗೋವಾಕ್ಕೆ ಹೋಗುವುದು ಒಂದು ಪೀಳಿಗೆಯ ಕನಸಾಯಿತು. ಅದರ ಮಹತ್ವವನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಆ ಮೂವರಲ್ಲಿ ಒಬ್ಬರಾದರೂ ದುಬಾರಿ ಕಾರಿನ ಪೆಟ್ರೋಲಿನ ಬಗ್ಗೆ ಯೋಚಿಸಿದ್ದು ನನಗೆ ನೆನಪಿಲ್ಲ.

ಅದರ ಪಕ್ಕದಲ್ಲಿ ನಾಗರಾಜ ಮಂಜುಳೆ ಅವರ ಮರಾಠಿ ಚಿತ್ರ ‘ಸೈರಾಟ್’ (2016) ಇಡಿ. ಮೊದಲರ್ಧದ ಬಾವಿ, ಬಾಳೆತೋಟ, ಬುಲೆಟ್ ಎಲ್ಲರಿಗೂ ನೆನಪಿದೆ. ನನಗೆ ಹೆಚ್ಚು ಮುಖ್ಯವಾದದ್ದು ಹೈದರಾಬಾದಿನ ಕೊಳೆಗೇರಿಯ ಭಾಗ. ಜಮೀನ್ದಾರನ ಮಗಳು ಆರ್ಚಿ ಬಾಟಲಿ ತುಂಬುವ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಾಳೆ, ಪರಶ್ಯಾ ದೋಸೆ ಅಂಗಡಿಯಲ್ಲಿ ದುಡಿಯುತ್ತಾನೆ. ಊರಿನಲ್ಲಿ ಹಾಡಿ ಕುಣಿದ ಪ್ರೀತಿ ಇಲ್ಲಿ ಬಾಡಿಗೆ, ದಣಿವು, ಅನುಮಾನಗಳ ನಡುವೆ ಒಂದು ಸಂಸಾರವಾಗುತ್ತದೆ. ಓಡಿಹೋದವರ ಕಥೆಯನ್ನು ನಮ್ಮ ಸಿನಿಮಾಗಳು ನೂರು ಸಲ ಹೇಳಿವೆ. ಓಡಿಹೋದ ಮರುದಿನದ ಕಥೆಯನ್ನು ಇಷ್ಟು ವಿವರವಾಗಿ ಹೇಳಿದ್ದು ಅಪರೂಪ.

ಕನ್ನಡದಲ್ಲಿ ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ (2023) ಇದೇ ಕಾರಣಕ್ಕೆ ನನಗೆ ಮುಖ್ಯ. ಮನು ಕಾರು ಓಡಿಸುವವನು, ಪ್ರಿಯಾ ಹಾಡುವ ಹುಡುಗಿ, ಇಬ್ಬರಿಗೂ ಒಂದು ಮನೆ ಬೇಕು. ಆ ಮನೆಗಾಗಿ ಅವನು ತಾನು ಮಾಡದ ಅಪಘಾತವನ್ನು ಹಣಕ್ಕೆ ಒಪ್ಪಿಕೊಂಡು ಜೈಲಿಗೆ ಹೋಗುತ್ತಾನೆ. ಖಳನಾಯಕ ಬಂದು ಪ್ರೇಮಿಗಳನ್ನು ಬೇರ್ಪಡಿಸಿದ್ದಲ್ಲ, ಬೆಂಗಳೂರಿನಲ್ಲಿ ಒಂದು ಮನೆಯ ಬೆಲೆ ಬೇರ್ಪಡಿಸಿತು. ನಾನು ಪಾಠ ಮಾಡುವ ತರಗತಿಯ ಅರ್ಧ ಹುಡುಗರು ಇನ್ನೈದು ವರ್ಷಕ್ಕೆ ಅದೇ ಬೆಲೆಯ ಎದುರು ನಿಲ್ಲುತ್ತಾರೆ.

ನಿಮ್ಮೆಲ್ಲರ ಅಭಿಪ್ರಾಯ ಬೇಕು. ಈ ಅಳತೆಗೆ ನಿಲ್ಲುವ ಚಿತ್ರಗಳು ಯಾವುವು? ಅಳತೆಯೇ ಸರಿಯಿಲ್ಲ ಅನ್ನಿಸಿದರೆ ಅದನ್ನೂ ಬಿಚ್ಚಿ ಹೇಳಿ.

ಕರಾವಳಿ ಓದುಗಿ

ಮೇಷ್ಟ್ರೇ, ಅಳತೆಯೇ ಸಾಲದು ಎನ್ನುವ ಪಕ್ಷ ನನ್ನದು. ರಾಜ್ ಬಿ. ಶೆಟ್ಟಿ ಅವರ ‘ಒಂದು ಮೊಟ್ಟೆಯ ಕಥೆ’ (2017) ತೆಗೆದುಕೊಳ್ಳಿ. ಜನಾರ್ದನನಿಗೆ ಹಣದ ಚಿಂತೆ ಇಲ್ಲ. ಮಂಗಳೂರಿನ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕ, ಸಂಬಳ ಬರುತ್ತದೆ, ಮನೆಯಲ್ಲಿ ಅಮ್ಮನ ಅಡುಗೆ ಇದೆ. ಇಪ್ಪತ್ತೆಂಟು ವರ್ಷ ತುಂಬುವಷ್ಟರಲ್ಲಿ ತಲೆಗೂದಲು ಹೋಗಿದೆ, ಅಷ್ಟೇ ಅವನ ಕಷ್ಟ. ಆದರೂ ಅದು ನಾನು ಕಂಡ ಅತ್ಯಂತ ನಿಜವಾದ ಯುವಕರ ಚಿತ್ರಗಳಲ್ಲಿ ಒಂದು. ಬೋಳುತಲೆಗಾಗಿ ತಿರಸ್ಕಾರ ಉಂಡವನೇ, ಮುಂದೆ ದಪ್ಪ ಮೈಯ ಹುಡುಗಿಯನ್ನು ಕಂಡಾಗ ಹಿಂಜರಿಯುತ್ತಾನೆ. ಆ ಹಿಂಜರಿಕೆಯನ್ನು ಮುಚ್ಚಿಡದೆ ತೋರಿಸಿದ ಧೈರ್ಯಕ್ಕೆ ಜೇಬಿನ ಲೆಕ್ಕ ಬೇಕಾಗಿಲ್ಲ.

ನನ್ನ ಪ್ರಕಾರ ಬದಲಾವಣೆ ಶುರುವಾದದ್ದು ಮಾತಿನಿಂದ. ನಮ್ಮ ಕಡೆಯ ಕನ್ನಡವನ್ನು ತೆರೆಯ ಮೇಲೆ ನಗಿಸುವುದಕ್ಕೆ ಮಾತ್ರ ಬಳಸುತ್ತಿದ್ದರು. ಭಟ್ಟರು ಬಂದರೆ ಅಡುಗೆಯವರು, ಶೆಟ್ಟರು ಬಂದರೆ ಹೋಟೆಲಿನವರು. 2014ರಲ್ಲಿ ರಕ್ಷಿತ್ ಶೆಟ್ಟಿ ಅವರ ‘ಉಳಿದವರು ಕಂಡಂತೆ’ ಬಂತು. ಮಲ್ಪೆಯ ಬಂದರು, ಹುಲಿವೇಷ, ಮೀನಿನ ದೋಣಿ, ಅಷ್ಟಮಿಯ ದಿನದ ಗದ್ದಲ, ಅದೇ ಊರಿನ ಮಾತು. ಚಿತ್ರಮಂದಿರದಲ್ಲಿ ಅದು ಹೆಚ್ಚು ದಿನ ನಿಲ್ಲಲಿಲ್ಲ, ಆಮೇಲೆ ಹುಡುಗರು ಹುಡುಕಿಕೊಂಡು ನೋಡಿದರು. 2025ರ ಜುಲೈನಲ್ಲಿ ಜೆ.ಪಿ. ತುಮಿನಾಡ್ ಅವರ ‘ಸು ಫ್ರಮ್ ಸೋ’ ಬಂದಾಗ ಅದೇ ಕರಾವಳಿಯ ಮಾತನ್ನು ಮೈಸೂರು, ಬೆಂಗಳೂರಿನವರು ಮುಗಿಬಿದ್ದು ಕೇಳಿದರು. ದೊಡ್ಡ ತಾರೆಯರಿಲ್ಲ, ದುಬಾರಿ ಸೆಟ್ ಇಲ್ಲ. ಹನ್ನೊಂದು ವರ್ಷಗಳಲ್ಲಿ ಕೇಳುವ ಕಿವಿ ತಯಾರಾಗಿತ್ತು.

ಮುಂಬೈ ಕನ್ನಡಿಗ

ಸೈರಾಟ್ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಇಲ್ಲಿ ಉಪನಗರದ ಚಿತ್ರಮಂದಿರದಲ್ಲಿ ಅದನ್ನು ನೋಡಿದವನು ನಾನು. ‘ಝಿಂಗಾಟ್’ ಹಾಡಿಗೆ ಇಡೀ ಸಭಾಂಗಣ ಎದ್ದು ಕುಣಿಯಿತು, ಪರದೆಯ ಕಡೆಗೆ ಚಿಲ್ಲರೆ ಎಸೆದರು. ಅದೇ ಜನ ಕೊನೆಯ ದೃಶ್ಯ ಮುಗಿದ ಮೇಲೆ ಒಂದು ಮಾತೂ ಆಡದೆ ಹೊರಗೆ ಬಂದರು.

ಮೇಷ್ಟ್ರು ಹೇಳಿದ ಬಾಡಿಗೆ, ದುಡಿಮೆ ಎಲ್ಲ ಸರಿ. ಆದರೆ ಆರ್ಚಿ ಮತ್ತು ಪರಶ್ಯಾ ಸತ್ತದ್ದು ಬಡತನದಿಂದ ಅಲ್ಲ. ಹೈದರಾಬಾದಿನಲ್ಲಿ ಅವರು ಚೇತರಿಸಿಕೊಂಡಿದ್ದರು, ಮಗು ಆಗಿತ್ತು, ಮನೆ ಕೊಳ್ಳುವ ಮಾತಿತ್ತು. ಜೇಬು ತುಂಬುತ್ತಾ ಬಂದಾಗಲೇ ಜಾತಿ ಬಾಗಿಲು ತಟ್ಟಿತು. ಹಣವನ್ನೇ ಅಳತೆ ಮಾಡಿಕೊಂಡರೆ ಆ ಚಿತ್ರದ ಹೃದಯವೇ ಕೈತಪ್ಪುತ್ತದೆ.

ಮಂಜುಳೆ ಸೊಲ್ಲಾಪುರ ಜಿಲ್ಲೆಯ ಕರಮಾಳಾ ತಾಲೂಕಿನ ಜೇವೂರಿನವರು. ಸೈರಾಟ್‌ಗೆ ಮೊದಲು ಅವರು ‘ಫ್ಯಾಂಡ್ರಿ’ (2013) ಮಾಡಿದ್ದರು. ಹಂದಿ ಹಿಡಿಯುವ ಕೈಕಾಡಿ ಕುಟುಂಬದ ಹುಡುಗ ಜಬ್ಯಾ, ಸಹಪಾಠಿಯ ಮೇಲೆ ಮನಸ್ಸಿಟ್ಟಿದ್ದಾನೆ, ಅವಳ ಕಣ್ಣೆದುರೇ ಹಂದಿ ಅಟ್ಟಬೇಕಾಗುತ್ತದೆ. ಶಾಲೆಯಿಂದ ರಾಷ್ಟ್ರಗೀತೆ ಕೇಳಿಬಂದಾಗ ಇಡೀ ಕುಟುಂಬ ಅಲುಗಾಡದೆ ನಿಲ್ಲುತ್ತದೆ, ಹಂದಿ ಎದುರಿನಲ್ಲೇ ಹೋಗುತ್ತಿರುತ್ತದೆ. ನಾನು ನೋಡಿದ ಭಾರತೀಯ ಸಿನಿಮಾಗಳಲ್ಲಿ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಹೇಳಿದ ದೃಶ್ಯ ಇನ್ನೊಂದಿಲ್ಲ.

ಸೈರಾಟ್‌ನ ಮರುನಿರ್ಮಾಣಗಳ ಪಾಡು ನೋಡಿ. ಕನ್ನಡದಲ್ಲಿ ‘ಮನಸು ಮಲ್ಲಿಗೆ’ (2017) ಆಯಿತು, ನಾಯಕಿಯಾಗಿ ರಿಂಕು ರಾಜಗುರು ಅವರನ್ನೇ ಕರೆತಂದರು. ಹಿಂದಿಯಲ್ಲಿ ‘ಧಡಕ್’ (2018) ಎಂದಾಗಿ ಉದಯಪುರದ ಅರಮನೆಗಳಿಗೆ ಹೋಯಿತು. ಹಿಂದಿಯಲ್ಲಿ ಜಾತಿಯ ಮಾತು ಮಸುಕಾಯಿತು, ಕೊನೆಯ ಆಘಾತ ಮಾತ್ರ ಉಳಿಯಿತು. ಕಾರಣ ತೆಗೆದು ಪರಿಣಾಮ ಇಟ್ಟುಕೊಂಡರೆ ಅದು ಯಾರ ಕಥೆಯೂ ಆಗುವುದಿಲ್ಲ.

ಧ್ವನಿ ವಿಭಾಗ

ಕರಾವಳಿ ಓದುಗಿ ಅವರ ಮಾತಿಗೆ ತಾಂತ್ರಿಕ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಚಿತ್ರೀಕರಣದ ಸ್ಥಳದಲ್ಲಿ ಧ್ವನಿ ಹಿಡಿಯುವುದು ನನ್ನ ಕೆಲಸ.

ದಶಕಗಳ ಕಾಲ ನಮ್ಮಲ್ಲಿ ಸ್ಥಳದಲ್ಲಿ ದಾಖಲಾದ ಧ್ವನಿ ಬರೀ ಗುರುತಿಗೆ ಇರುತ್ತಿತ್ತು. ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ ನಟರು ಒಬ್ಬೊಬ್ಬರಾಗಿ ಬಂದು ತಮ್ಮ ಸಾಲು ಹೇಳಿ ಹೋಗುತ್ತಿದ್ದರು. ನಾಯಕಿಗೆ ಭಾಷೆ ಬಾರದಿದ್ದರೆ ಇನ್ನೊಬ್ಬರ ಗಂಟಲು. ಹಾಗೆ ಮಾಡಿದಾಗ ಏನು ಕಳೆದುಹೋಗುತ್ತದೆ ಗೊತ್ತೇ? ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುವುದು. ನಾಲ್ವರು ಗೆಳೆಯರು ಕೂತಾಗ ಯಾರೂ ಸರದಿಯಲ್ಲಿ ಮಾತನಾಡುವುದಿಲ್ಲ. ಒಬ್ಬ ಮುಗಿಸುವ ಮೊದಲೇ ಇನ್ನೊಬ್ಬ ನುಗ್ಗುತ್ತಾನೆ, ಮೂರನೆಯವನು ಅರ್ಧಕ್ಕೆ ನಗುತ್ತಾನೆ, ಯಾವುದೋ ಶಬ್ದ ನುಂಗಿಹೋಗುತ್ತದೆ. ಡಬ್ಬಿಂಗ್ ಕೋಣೆ ಇದನ್ನೆಲ್ಲ ಗುಡಿಸಿ ಒಪ್ಪ ಮಾಡಿಬಿಡುತ್ತದೆ. ಮುದುಕರ ಕಥೆಗೆ ಅದು ಸರಿಹೋದೀತು, ಯುವಕರ ಗುಂಪಿನ ಕಥೆ ಅಲ್ಲೇ ಸಾಯುತ್ತದೆ.

ಸ್ಥಳದ ಧ್ವನಿಗೆ ಬೆಲೆ ಇದೆ. ಸದ್ದು ಮಾಡದ ಜನರೇಟರ್ ಬೇಕು, ರಸ್ತೆ ತಡೆಯಬೇಕು, ನಟರಿಗೆ ಮಾತು ಬಾಯಿಪಾಠ ಇರಬೇಕು, ನಿರ್ದೇಶಕರು ದೃಶ್ಯ ನಡೆಯುವಾಗ ಕೂಗಿ ಹೇಳಿಕೊಡುವಂತಿಲ್ಲ. ಅದಕ್ಕೇ ತಾಲೀಮು ಹೆಚ್ಚುತ್ತದೆ. ತಾಲೀಮಿಗೆ ಬಿಡುವಿರುವ ನಟರು ಯಾರು? ಹೊಸಬರು. ಹೊಸಬರ ಚಿತ್ರಗಳು ಹೆಚ್ಚಾದದ್ದಕ್ಕೂ ಧ್ವನಿ ಬದಲಾದದ್ದಕ್ಕೂ ಹೀಗೆ ನಂಟಿದೆ. ಲಿಜೊ ಜೋಸ್ ಪೆಲ್ಲಿಶ್ಶೇರಿ ಅವರ ‘ಅಂಗಮಾಲಿ ಡೈರೀಸ್’ (2017) ಮಲಯಾಳಂ ಚಿತ್ರದಲ್ಲಿ 86 ಹೊಸಬರಿದ್ದರು. ಕೊನೆಯ ಸುಮಾರು 11 ನಿಮಿಷಗಳ ದೃಶ್ಯಕ್ಕೆ ಒಂದೂ ಕತ್ತರಿ ಇಲ್ಲ. ಹಬ್ಬದ ಜಾತ್ರೆಯ ನಡುವೆ ನೂರಾರು ಜನ, ಕ್ಯಾಮೆರಾ ನಡೆಯುತ್ತಲೇ ಇರುತ್ತದೆ. ದಿನಕ್ಕೆ ಇಷ್ಟು ಗಂಟೆ ಎಂದು ಸಮಯ ಕೊಡುವ ತಾರೆಯನ್ನು ಇಟ್ಟುಕೊಂಡು ಅದನ್ನು ಮಾಡಲಾಗುವುದಿಲ್ಲ.

ನಮ್ಮಲ್ಲಿ ‘ತಿಥಿ’ ಇದೆಯಲ್ಲ. ರಾಮ್ ರೆಡ್ಡಿ ಅವರ ನಿರ್ದೇಶನ, ಈರೇಗೌಡರ ಬರವಣಿಗೆ. ಮಂಡ್ಯದ ನೊದೆಕೊಪ್ಪಲಿನ ಸುತ್ತಲಿನ ಜನರೇ ನಟಿಸಿದರು. 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಪಡೆದು, 2016ರ ಮೇ ತಿಂಗಳಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು. ಎಲ್ಲರೂ ಅದರ ಮುದುಕರಾದ ಸೆಂಚುರಿಗೌಡ, ಗಡ್ಡಪ್ಪ ಎನ್ನುತ್ತಾರೆ. ಗಡ್ಡಪ್ಪನ ಮೊಮ್ಮಗ ಅಭಿಯನ್ನು ಮರೆಯುತ್ತಾರೆ. ಮುತ್ತಜ್ಜನ ತಿಥಿಯ ಜವಾಬ್ದಾರಿ ತಲೆಯ ಮೇಲಿದ್ದರೂ ಕೈಯಲ್ಲಿ ಮೊಬೈಲ್ ಹಿಡಿದು, ಕುರಿಗಾಹಿ ಹುಡುಗಿ ಕಾವೇರಿಯ ಹಿಂದೆ ಅಲೆಯುವ ಹುಡುಗ. ಹಳ್ಳಿಯ ಯುವಕ ಎಂದರೆ ಒಂದೋ ಮುಗ್ಧ, ಇಲ್ಲವೇ ಮಚ್ಚು ಹಿಡಿದವನು ಎಂದು ತೋರಿಸುತ್ತಾ ಬಂದ ನಮ್ಮ ಸಿನಿಮಾಕ್ಕೆ ಅಭಿ ಎರಡೂ ಅಲ್ಲದ ಹುಡುಗ.

ರಾಯಚೂರು ಬಿಸಿಲು

ಕರಾವಳಿಯವರಿಗೆ ಅವರ ಮಾತು ಸಿಕ್ಕಿತು, ಮಂಡ್ಯದವರಿಗೆ ಮೊದಲಿನಿಂದ ಇತ್ತು. ನಮ್ಮ ಸರದಿ ಯಾವಾಗ?

ಜೈಶಂಕರ್ ಆರ್ಯರ್ ಅವರ ‘ಶಿವಮ್ಮ ಯರೇಹಂಚಿನಾಳ’ ನೋಡಿ ನನಗಾದ ಸಂತೋಷವನ್ನು ಹೇಳಿ ಮುಗಿಸಲಾರೆ. ಕೊಪ್ಪಳ ಜಿಲ್ಲೆಯ ಹಳ್ಳಿ, ಶಾಲೆಯಲ್ಲಿ ಅಡುಗೆ ಮಾಡುವ ತಾಯಿ, ಮಗಳ ಮದುವೆಗೆ ಕೂಡಿಟ್ಟ ಹಣವನ್ನು ಚೈನ್ ವ್ಯಾಪಾರದ ಶಕ್ತಿಪೇಯಕ್ಕೆ ಸುರಿಯುತ್ತಾಳೆ. 2022ರಲ್ಲಿ ಬುಸಾನ್ ಉತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂತು, 2024ರ ಜೂನ್‌ನಲ್ಲಿ ತೆರೆಗೆ ಬಂತು. ಉತ್ಸವ್ ಗೋನವಾರ ಅವರ ‘ಫೋಟೋ’ ಕೂಡ ನಮ್ಮ ಕಡೆಯದೇ. ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕೆಂಬ ಹುಡುಗ, ಬೆಂಗಳೂರಿಗೆ ದುಡಿಯಲು ಹೋದ ಅಪ್ಪ, ನಡುವೆ ಬಂದ ಲಾಕ್‌ಡೌನ್. ಎರಡೂ ಅಪ್ಪಟ ಚಿತ್ರಗಳು. ಮೇಷ್ಟ್ರ ಅಳತೆಗೂ ನಿಲ್ಲುತ್ತವೆ. ಆದರೆ ಒಂದು ತಾಯಿಯದು, ಇನ್ನೊಂದು ಬಾಲಕನದು.

ನಡುವಿನ ವಯಸ್ಸಿನವರು ಎಲ್ಲಿ ಎಂದು ಕೇಳಿದರೆ ನಾನು ದಾರಿ ತೋರಿಸುತ್ತೇನೆ. ಧಾರವಾಡಕ್ಕೆ ಬನ್ನಿ. ಅಲ್ಲಿ ಕೋಚಿಂಗ್ ಕೇಂದ್ರಗಳ ಸುತ್ತ ಒಂದೊಂದು ಕೋಣೆಯಲ್ಲಿ ಮೂವರು ನಾಲ್ವರು ಇರುತ್ತಾರೆ. ಪಿಎಸ್‌ಐ, ಕೆಎಎಸ್, ಪಿಡಿಒ, ಎಫ್‌ಡಿಎ, ಯಾವುದಾದರೂ ಸರಿ. ಊರಿನಿಂದ ರೊಟ್ಟಿಯ ಗಂಟು ಬರುತ್ತದೆ. ಮನೆಯಲ್ಲಿ ಒಂದು ಎಕರೆ ಅಡವಿಟ್ಟಿರುತ್ತಾರೆ. ಅಧಿಸೂಚನೆಗೆ ಕಾಯುವುದು, ಪರೀಕ್ಷೆಗೆ ಕಾಯುವುದು, ಫಲಿತಾಂಶಕ್ಕೆ ಕಾಯುವುದು, ಆಮೇಲೆ ನ್ಯಾಯಾಲಯದ ತೀರ್ಪಿಗೆ ಕಾಯುವುದು. 2021ರ ಅಕ್ಟೋಬರ್‌ನಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯಲ್ಲಿ ಅಕ್ರಮ ಬಯಲಾಗಿ, 2022ರ ಏಪ್ರಿಲ್‌ನಲ್ಲಿ ಆ ಪರೀಕ್ಷೆಯೇ ರದ್ದಾಯಿತು. ಓದಿಯೇ ಪಾಸಾದ ಹುಡುಗನ ಆ ರಾತ್ರಿ ಹೇಗಿತ್ತು? ಅವನ ಮದುವೆಯ ಮಾತುಕತೆ ಏನಾಯಿತು? ಯಾವ ಕಥೆಗಾರನಿಗೂ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಹಿಂದಿಯವರು ಇದನ್ನು ಬೇಗ ಹಿಡಿದರು. 2019ರ ‘ಕೋಟಾ ಫ್ಯಾಕ್ಟರಿ’, 2021ರ ‘ಆಸ್ಪಿರಂಟ್ಸ್’ ಎರಡೂ ವೆಬ್ ಸರಣಿಗಳು. 2023ರಲ್ಲಿ ವಿಧು ವಿನೋದ್ ಚೋಪ್ರಾ ಅವರ ‘ಟ್ವೆಲ್ತ್ ಫೇಲ್’. 2025ರಲ್ಲಿ ನೀರಜ್ ಘೇವಾನ್ ಅವರ ‘ಹೋಮ್‌ಬೌಂಡ್’. ಇದು ನನಗೆ ಇವೆಲ್ಲಕ್ಕಿಂತ ಮೇಲಿನದು. ಒಬ್ಬ ದಲಿತ, ಒಬ್ಬ ಮುಸ್ಲಿಂ, ಬಾಲ್ಯದ ಗೆಳೆಯರು. ಇಬ್ಬರಿಗೂ ಪೊಲೀಸ್ ಕಾನ್‌ಸ್ಟೆಬಲ್ ಸಮವಸ್ತ್ರ ಬೇಕು, ಏಕೆಂದರೆ ಅದನ್ನು ಹಾಕಿಕೊಂಡ ಮೇಲೆ ಯಾರೂ ಹೆಸರು ಕೇಳಿ ಮುಖ ಸಿಂಡರಿಸುವುದಿಲ್ಲ ಎಂಬ ನಂಬಿಕೆ. ಸರ್ಕಾರಿ ನೌಕರಿಯ ಹಂಬಲ ಸಂಬಳಕ್ಕೆ ಮಾತ್ರ ಅಲ್ಲ, ಮೇಷ್ಟ್ರೇ. ಮರ್ಯಾದೆಗೆ.

ರಾತ್ರಿ ಪಾಳಿ

ಇಲ್ಲಿಯವರೆಗೆ ಓದಿದೆ. ಶೀರ್ಷಿಕೆಯಲ್ಲೇ ಹುಡುಗ, ಪ್ರತಿಕ್ರಿಯೆಗಳಲ್ಲೂ ಹುಡುಗ. ಯುವಜನರ ಸಿನಿಮಾ ಎಂದರೆ ಹುಡುಗರ ಸಿನಿಮಾ ಎಂದು ನಾವೆಲ್ಲ ಯಾವಾಗ ಒಪ್ಪಿಕೊಂಡೆವು?

2016ರ ಕೊನೆಯಲ್ಲಿ ಬಂದ ‘ಕಿರಿಕ್ ಪಾರ್ಟಿ’ ನನ್ನ ಪೀಳಿಗೆಯ ಎಲ್ಲರಿಗೂ ಪ್ರಿಯ. ಹಾಡುಗಳು ನನಗೂ ಇಷ್ಟ. ಆದರೆ ಅದರಲ್ಲಿ ಸಾನ್ವಿ ಸಾಯುತ್ತಾಳೆ, ಕರ್ಣ ಪ್ರಬುದ್ಧನಾಗುತ್ತಾನೆ. ಆರ್ಯಾ ಬರುತ್ತಾಳೆ, ಕರ್ಣ ಮತ್ತೆ ನಗಲು ಕಲಿಯುತ್ತಾನೆ. ಆ ಇಬ್ಬರು ಹೆಣ್ಣುಮಕ್ಕಳಿಗೆ ಯಾವ ವಿಷಯದಲ್ಲಿ ಎಷ್ಟು ಅಂಕ ಬಂತು, ಯಾರಿಗೆ ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕಿತು ಎಂಬುದು ಯಾರಿಗಾದರೂ ನೆನಪಿದೆಯೇ? ಹುಡುಗಿ ಅಲ್ಲಿ ಹುಡುಗನ ಬೆಳವಣಿಗೆಯ ಒಂದು ಘಟ್ಟ.

ರೂಪಾ ರಾವ್ ಅವರ ‘ಗಂಟುಮೂಟೆ’ (2019) ನೋಡದವರು ನೋಡಬೇಕು. ತೊಂಬತ್ತರ ದಶಕದ ಹೈಸ್ಕೂಲು, ಸಿನಿಮಾ ಹುಚ್ಚಿನ ಮೀರಾ, ತರಗತಿಯ ಹುಡುಗನ ಮೇಲೆ ಅವಳ ಮನಸ್ಸು. ಕಥೆ ಪೂರ್ತಿ ಅವಳ ಕಣ್ಣಿನಿಂದ. ಅವಳು ಅವನನ್ನು ನೋಡುತ್ತಾಳೆ, ಅವಳು ಬಯಸುತ್ತಾಳೆ, ಅವಳು ನಿರ್ಧರಿಸುತ್ತಾಳೆ. ಹದಿನಾರರ ಹುಡುಗಿಯ ಆಸೆಯನ್ನು ನಾಚಿಕೆ ಇಲ್ಲದೆ, ಅಸಭ್ಯವೂ ಆಗದೆ ತೋರಿಸುವುದು ಎಷ್ಟು ಕಷ್ಟದ ಕೆಲಸ! ಶುಚಿ ತಲಾಟಿ ಅವರ ‘ಗರ್ಲ್ಸ್ ವಿಲ್ ಬಿ ಗರ್ಲ್ಸ್’ 2024ರಲ್ಲಿ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆದಾಗ ಎಲ್ಲರೂ ಅದರ ಬಗ್ಗೆ ಬರೆದರು. ಅದಕ್ಕೆ ಐದು ವರ್ಷ ಮೊದಲೇ ಕನ್ನಡದಲ್ಲಿ ಇದು ಬಂದು ಹೋಗಿತ್ತು, ನಮ್ಮವರೇ ಚಿತ್ರಮಂದಿರಕ್ಕೆ ಹೋಗಲಿಲ್ಲ.

ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆಸ್ ಲೈಟ್’ 2024ರಲ್ಲಿ ಕಾನ್ ಉತ್ಸವದ ಗ್ರ್ಯಾಂಡ್ ಪ್ರಿ ಗೆದ್ದಿತು. ಮುಂಬೈನ ಮಲಯಾಳಿ ನರ್ಸ್‌ಗಳ ಕಥೆ. ಕಿರಿಯವಳು ಅನು ಮುಸ್ಲಿಂ ಹುಡುಗನನ್ನು ಪ್ರೀತಿಸುತ್ತಾಳೆ, ಅವರಿಬ್ಬರಿಗೆ ಆ ಮಹಾನಗರದಲ್ಲಿ ಒಂದು ಗಂಟೆ ಏಕಾಂತ ಸಿಗುವ ಜಾಗವಿಲ್ಲ. ನಾನೂ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವವಳು. ಬಸ್ಸು, ರೈಲು, ಒಣಹಾಕಿದ ಬಟ್ಟೆ, ಕೋಣೆ ಹಂಚಿಕೊಂಡವಳ ಜತೆ ಬಾಡಿಗೆಯ ಮಾತು, ಇವುಗಳನ್ನು ಇಷ್ಟು ಸರಿಯಾಗಿ ತೋರಿಸಿದ ಚಿತ್ರ ನಾನು ಬೇರೆ ನೋಡಿಲ್ಲ. ಹುಡುಗನ ಜೇಬಿನ ಹಣ ಕೇಳುವ ಹಾಗೆಯೇ ಹುಡುಗಿಯ ಸಂಜೆಯ ಸಮಯ ಕೇಳಿ. ಎಷ್ಟು ಗಂಟೆಗೆ ಹಾಸ್ಟೆಲ್ ಗೇಟು ಮುಚ್ಚುತ್ತದೆ, ಮನೆಗೆ ಏನೆಂದು ಹೇಳಿ ಬಂದಿದ್ದಾಳೆ, ಮೊಬೈಲ್‌ನಲ್ಲಿ ಎಷ್ಟು ತಪ್ಪಿದ ಕರೆಗಳಿವೆ. ಇದು ಗೊತ್ತಿಲ್ಲದ ಚಿತ್ರ ನನ್ನ ಪಾಲಿಗೆ ವಾಸ್ತವ ಅಲ್ಲ.

ಕೊನೆಯ ಬೆಂಚು

ಪದವಿ ಎರಡನೇ ವರ್ಷದಲ್ಲಿದ್ದೇನೆ. ನಿಮ್ಮೆಲ್ಲರ ಪಟ್ಟಿಯನ್ನು ಗೌರವದಿಂದಲೇ ಬರೆದುಕೊಂಡಿದ್ದೇನೆ. ಆದರೆ ಒಂದು ಬೇಸರ ಇದೆ. ವಾಸ್ತವ ಎಂದೊಡನೆ ಎಲ್ಲರೂ ದುಃಖದ ಕಡೆಗೇ ಹೋಗುತ್ತೀರಿ. ನಾವು ದಿನವಿಡೀ ಅಳುತ್ತಾ ಕೂರುವುದಿಲ್ಲ.

2024ರಲ್ಲಿ ನಮ್ಮ ಹಾಸ್ಟೆಲಿನವರೆಲ್ಲ ಸೇರಿ ನೋಡಿದ್ದು ಮೂರು ಮಲಯಾಳಂ ಚಿತ್ರಗಳು: ‘ಪ್ರೇಮಲು’, ‘ಮಂಜುಮ್ಮೆಲ್ ಬಾಯ್ಸ್’, ‘ಆವೇಶಂ’. ಪ್ರೇಮಲುವಿನ ಹುಡುಗ ಹೈದರಾಬಾದಿಗೆ ಹೋಗಿ ಸಣ್ಣಪುಟ್ಟ ಕೆಲಸ ಮಾಡುತ್ತಾ ಪ್ರೀತಿಯಲ್ಲಿ ಬೀಳುತ್ತಾನೆ. ಅವನಿಗೆ ದೊಡ್ಡ ಗುರಿ ಇಲ್ಲ, ಅದಕ್ಕೆ ಚಿತ್ರ ಅವನನ್ನು ಶಿಕ್ಷಿಸುವುದೂ ಇಲ್ಲ. ಮಂಜುಮ್ಮೆಲ್ ಬಾಯ್ಸ್ 2006ರಲ್ಲಿ ಕೊಡೈಕನಾಲ್‌ನ ಗುಣಾ ಗುಹೆಯಲ್ಲಿ ನಿಜವಾಗಿ ನಡೆದ ಘಟನೆಯಿಂದ ಹುಟ್ಟಿದ್ದು. ಸಾಮಾನ್ಯ ಕೆಲಸ ಮಾಡುವ ಗೆಳೆಯರ ಗುಂಪು ಪ್ರವಾಸ ಹೋಗುತ್ತದೆ, ಒಬ್ಬ ಕಮರಿಗೆ ಬೀಳುತ್ತಾನೆ, ಇನ್ನೊಬ್ಬ ಹಗ್ಗ ಕಟ್ಟಿಕೊಂಡು ಇಳಿಯುತ್ತಾನೆ. ಗೆಳೆತನದ ಬಗ್ಗೆ ಒಂದು ಭಾಷಣವೂ ಇಲ್ಲ. ಅವರು ಪರಸ್ಪರ ಕಾಲೆಳೆಯುವುದರಲ್ಲೇ ಎಲ್ಲವೂ ಗೊತ್ತಾಗುತ್ತದೆ.

ಆವೇಶಂ ನಡೆಯುವುದು ಬೆಂಗಳೂರಿನಲ್ಲಿ. 2014ರ ‘ಬೆಂಗಳೂರು ಡೇಸ್’ ಕೂಡ. ಮಲಯಾಳಿ ಹುಡುಗರಿಗೆ ನಮ್ಮ ರಾಜಧಾನಿ ಅವರ ಯೌವನದ ಊರಾಗಿ ಕಾಣುತ್ತದೆ. ಚಿಕ್ಕಮಗಳೂರಿನಿಂದಲೋ ಗದಗದಿಂದಲೋ ಪಿಜಿಗೆ ಬಂದಿಳಿದ ಕನ್ನಡದ ಹುಡುಗನ ಬೆಂಗಳೂರು ಎಲ್ಲಿದೆ? 2018ರ ‘ಗುಳ್ಟೂ’ ಸ್ವಲ್ಪ ಹಿಡಿದಿತ್ತು. ನಮಗೆ ರೌಡಿಗಳ ಬೆಂಗಳೂರು ಸಾಕಷ್ಟು ಸಿಕ್ಕಿದೆ, ಉಳಿದ ಬೆಂಗಳೂರು ಬೇಕು.

ಶಶಾಂಕ್ ಸೋಗಾಲ್ ಅವರ ‘ಡೇರ್‌ಡೆವಿಲ್ ಮುಸ್ತಾಫಾ’ (2023) ನನ್ನ ಲೆಕ್ಕದಲ್ಲಿ ಮೊದಲ ಸಾಲಿನದು. ಪೂರ್ಣಚಂದ್ರ ತೇಜಸ್ವಿ ಅವರ ಸಣ್ಣಕಥೆ, ಹಣ ಹಾಕಿದವರು ಅವರ ಓದುಗರು. ಹಿಂದೂ ಹುಡುಗರೇ ತುಂಬಿದ ಅಬಚೂರಿನ ಕಾಲೇಜಿಗೆ ಒಬ್ಬ ಮುಸ್ಲಿಂ ವಿದ್ಯಾರ್ಥಿ ಬರುತ್ತಾನೆ. ನಗುತ್ತಾ ನಗುತ್ತಾ ನಮ್ಮ ಕಾಲದ ಅತಿ ಕಷ್ಟದ ಮಾತನ್ನು ಆಡಿದ್ದಾರೆ. ನಮ್ಮ ಕಾಲೇಜಿನಲ್ಲಿ ಅದನ್ನು ನೋಡಿದ ಮೇಲೆ ಆದ ಚರ್ಚೆ ಯಾವ ಉಪನ್ಯಾಸದ ನಂತರವೂ ಆಗಿರಲಿಲ್ಲ.

ಒಂಟಿ ಪರದೆ

ನಮ್ಮದು ತಾಲೂಕು ಕೇಂದ್ರದಲ್ಲಿ ಚಿತ್ರಮಂದಿರ ನಡೆಸಿದ ಕುಟುಂಬ. ನೀವು ಹೊಗಳುತ್ತಿರುವ ಚಿತ್ರಗಳಲ್ಲಿ ಹೆಚ್ಚಿನವು ನಮ್ಮಂಥ ಊರಿಗೆ ಬರಲೇ ಇಲ್ಲ. ಅದಕ್ಕೆ ಕಾರಣ ಹೇಳುತ್ತೇನೆ.

ಕನ್ನಡದಲ್ಲಿ ಇತ್ತೀಚೆಗೆ ವರ್ಷಕ್ಕೆ ಇನ್ನೂರರ ಆಸುಪಾಸು ಚಿತ್ರಗಳು ಬಿಡುಗಡೆಯಾಗುತ್ತಿವೆ. ಇರುವುದು 52 ಶುಕ್ರವಾರ. ಒಂದೇ ವಾರ ಐದಾರು ಚಿತ್ರಗಳು ಬಂದರೆ ಯಾವುದಕ್ಕೆ ಯಾವ ಆಟ? ಹೆಸರಿಲ್ಲದವರ ಚಿತ್ರಕ್ಕೆ ಬೆಳಗಿನ ಆಟ ಸಿಗುತ್ತದೆ. ಆ ಹೊತ್ತಿಗೆ ವಿದ್ಯಾರ್ಥಿ ತರಗತಿಯಲ್ಲಿ, ದುಡಿಯುವವನು ಕೆಲಸದಲ್ಲಿ. ಶುಕ್ರ, ಶನಿ, ಭಾನುವಾರ ತುಂಬಲಿಲ್ಲ ಎಂದರೆ ಸೋಮವಾರ ಪರದೆ ಬೇರೆಯವರಿಗೆ. ಇಂಥ ಚಿತ್ರಗಳು ಬಾಯಿಮಾತಿನಿಂದ ಬೆಳೆಯುವವು, ಬಾಯಿಮಾತಿಗೆ ಒಂದು ವಾರವಾದರೂ ಬೇಕು.

ಮೇಷ್ಟ್ರು ತೆರೆಯ ಮೇಲಿನ ಜೇಬಿನ ಬಗ್ಗೆ ಬರೆದರು. ಪರದೆಯ ಈಚೆ ಕೂತವರ ಜೇಬನ್ನೂ ನೋಡಿ. ಮಲ್ಟಿಪ್ಲೆಕ್ಸ್‌ನಲ್ಲಿ ವಾರಾಂತ್ಯದ ಟಿಕೆಟು, ಪಾಪ್‌ಕಾರ್ನ್, ವಾಹನ ನಿಲ್ಲಿಸುವ ಶುಲ್ಕ ಸೇರಿದರೆ ಒಬ್ಬ ಹಾಸ್ಟೆಲ್ ಹುಡುಗನ ವಾರದ ಖರ್ಚು. ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿ ಅಧಿಸೂಚನೆ ಹೊರಡಿಸಿತು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. ಹೀಗಿರುವಾಗ ಹುಡುಗರು ವರ್ಷಕ್ಕೆ ಎರಡು ದೊಡ್ಡ ಚಿತ್ರಗಳಿಗೆ ಹಣ ಎತ್ತಿಡುತ್ತಾರೆ, ಉಳಿದದ್ದನ್ನು ಮೊಬೈಲ್‌ನಲ್ಲಿ ನೋಡುತ್ತಾರೆ. ಒಟಿಟಿ ಕಂಪನಿಗಳೂ ಈಗ ಹೆಸರಿಲ್ಲದ ಕನ್ನಡ ಚಿತ್ರ ಕೊಳ್ಳಲು ಹಿಂದೆ ಮುಂದೆ ನೋಡುತ್ತಿವೆ.

ದಾರಿ ಇಲ್ಲವೆಂದಲ್ಲ. 2011ರ ಕೊನೆಯಲ್ಲಿ ಪವನ್ ಕುಮಾರ್ ತಮ್ಮ ಬ್ಲಾಗಿನಲ್ಲಿ ಕಷ್ಟ ತೋಡಿಕೊಂಡರು. 27 ದಿನಗಳಲ್ಲಿ 110 ಜನರಿಂದ 51 ಲಕ್ಷ ರೂಪಾಯಿ ಕೂಡಿತು. ಅದರಿಂದ ‘ಲೂಸಿಯಾ’ ಆಯಿತು, 2013ರಲ್ಲಿ ತೆರೆಕಂಡಿತು. ಅದರ ನಾಯಕ ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ಹುಡುಗ. ನಮ್ಮಲ್ಲಿ ಆ ಕೆಲಸ ಮಾಡುತ್ತಿದ್ದವರು ಆ ಚಿತ್ರವನ್ನು ಮತ್ತೆ ಮತ್ತೆ ನೋಡಿದರು. ಹಣ ಕೂಡಿಸುವುದನ್ನು ಪವನ್ ಕಲಿಸಿದರು. ಪರದೆ ಕೂಡಿಸುವುದನ್ನು ಇನ್ನೂ ಯಾರೂ ಕಲಿಸಿಲ್ಲ.

ಹಾಸನದ ಮೇಷ್ಟ್ರು

ಎಲ್ಲರ ಬರಹವನ್ನೂ ನಿಧಾನವಾಗಿ ಓದಿದೆ. ನನ್ನ ಮಾತನ್ನು ಬಿಡುವುದಿಲ್ಲ, ಬಿಗಿ ಮಾಡುತ್ತೇನೆ.

ಮುಂಬೈ ಕನ್ನಡಿಗರೇ, ಜಾತಿಯನ್ನು ಬದಿಗಿಡಲು ನಾನು ಹಣದ ಮಾತು ಎತ್ತಲಿಲ್ಲ. ಸಿನಿಮಾ ಒಂದು ದೃಶ್ಯದಲ್ಲಿ ಜಾತಿಯನ್ನು ತೋರಿಸಬೇಕಾದರೆ ಅದು ಯಾವುದಾದರೂ ವಸ್ತುವಿನ ಮೂಲಕ, ಕೆಲಸದ ಮೂಲಕವೇ ಬರಬೇಕು. ನೀವೇ ಬರೆದ ಜಬ್ಯಾನ ಹಂದಿ ಅಂಥದ್ದು. ಘೇವಾನ್ ಅವರ ಮೊದಲ ಚಿತ್ರ ‘ಮಸಾನ್’ (2015) ನೆನಪಿಸಿಕೊಳ್ಳಿ. ಕಾಶಿಯ ಘಾಟಿನಲ್ಲಿ ಹೆಣ ಸುಡುವ ಡೋಮ್ ಕುಟುಂಬದ ದೀಪಕ್ ಎಂಜಿನಿಯರಿಂಗ್ ಓದುತ್ತಾನೆ, ಪ್ರೀತಿಸಿದ ಹುಡುಗಿಗೆ ತನ್ನ ಮನೆಯ ಕೆಲಸ ಹೇಳಲಾರ. ಇನ್ನೊಂದು ಎಳೆಯಲ್ಲಿ ದೇವಿಯ ಅಪ್ಪ ಪೊಲೀಸನಿಗೆ ಲಂಚವನ್ನು ಕಂತಿನಲ್ಲಿ ಕಟ್ಟುತ್ತಾನೆ, ಮರ್ಯಾದೆಗೂ ಕಂತು ಬಂದುಬಿಟ್ಟಿದೆ. ಮಾರಿ ಸೆಲ್ವರಾಜ್ ಅವರ ‘ಪರಿಯೇರುಂ ಪೆರುಮಾಳ್’ (2018) ತಮಿಳು ಚಿತ್ರದಲ್ಲಿ ತಿರುನೆಲ್ವೇಲಿಯ ಕಾನೂನು ಕಾಲೇಜಿಗೆ ಸೇರಿದ ಹುಡುಗನಿಗೆ ಪಾಠದ ಇಂಗ್ಲಿಷು ತಲೆಗೆ ಹತ್ತುವುದಿಲ್ಲ. ಅವನ ಅವಮಾನ ಅಲ್ಲಿಂದ ಶುರು. ನನ್ನ ತರಗತಿಯಲ್ಲಿ ಅಂಥವರು ಪ್ರತಿ ವರ್ಷ ಇರುತ್ತಾರೆ, ಹಿಂದಿನ ಸಾಲಿನಲ್ಲಿ ಕೂರುತ್ತಾರೆ, ಬುದ್ಧಿಯಲ್ಲಿ ಯಾರಿಗೂ ಕಡಿಮೆ ಇರುವುದಿಲ್ಲ.

ಕರಾವಳಿ ಓದುಗಿ ಅವರೇ, ಜನಾರ್ದನನಿಗೆ ಹಣದ ಚಿಂತೆ ಇಲ್ಲದಿರುವುದೇ ಆ ಚಿತ್ರಕ್ಕೆ ಗೊತ್ತಿರುವ ಸಂಗತಿ. ಕೆಲಸ ಇದೆ, ಮನೆ ಇದೆ, ಆದರೂ ಹೆಣ್ಣು ನೋಡುವ ಸಂತೆಯಲ್ಲಿ ಅವನ ಬೆಲೆ ಇಳಿದಿದೆ. ಲೆಕ್ಕ ಅಲ್ಲೂ ಇದೆ.

ರಾತ್ರಿ ಪಾಳಿ ಅವರೇ, ಹುಡುಗಿಯ ಸಂಜೆಯ ಬಗ್ಗೆ ನೀವು ಬರೆದದ್ದನ್ನು ತರಗತಿಯಲ್ಲಿ ಓದಿ ಹೇಳುತ್ತೇನೆ, ಅನುಮತಿ ಇದ್ದರೆ. ನಮ್ಮ ಹಾಸ್ಟೆಲಿನಲ್ಲೂ ಹುಡುಗರ ಗೇಟು ತೆರೆದಿರುತ್ತದೆ, ಹುಡುಗಿಯರ ಗೇಟು ಕತ್ತಲಾಗುವಾಗ ಮುಚ್ಚುತ್ತದೆ.

ಈ ವರ್ಷ ಕಾಲೇಜಿನ ಚಲನಚಿತ್ರ ಸಂಘದಲ್ಲಿ ಆರು ಚಿತ್ರ ತೋರಿಸಲು ಪ್ರಾಂಶುಪಾಲರು ಒಪ್ಪಿದ್ದಾರೆ. ಗಂಟುಮೂಟೆ, ಶಿವಮ್ಮ, ಮುಸ್ತಾಫಾ, ಫ್ಯಾಂಡ್ರಿ, ಪರಿಯೇರುಂ ಪೆರುಮಾಳ್ ಎಂದುಕೊಂಡಿದ್ದೇನೆ. ಆರನೆಯದು ನೀವು ಹೇಳಿ.

ರಾತ್ರಿ ಪಾಳಿ

ಓದಿ ಹೇಳಿ, ಮೇಷ್ಟ್ರೇ. ಆದರೆ ಪ್ರದರ್ಶನವನ್ನು ಮಧ್ಯಾಹ್ನ ಇಡಿ. ಸಂಜೆ ಆರಕ್ಕೆ ಇಟ್ಟರೆ ಗಂಟುಮೂಟೆ ನೋಡಬೇಕಾದವರೇ ಬರಲಾಗುವುದಿಲ್ಲ.

ಕೊನೆಯ ಬೆಂಚು

ಆರನೆಯದು ಮಲಯಾಳಂನ ‘ಕುಂಬಳಂಗಿ ನೈಟ್ಸ್’ (2019). ಗಂಡಸ್ತನ ಎಂದರೆ ಏನು ಎಂದು ನಮ್ಮ ಹುಡುಗರೊಂದಿಗೆ ಮಾತು ಶುರು ಮಾಡಲು ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ನಾಲ್ವರು ಅಣ್ಣತಮ್ಮಂದಿರು ಬಾಗಿಲಿಲ್ಲದ ಮನೆಯಲ್ಲಿ ಜಗಳವಾಡುತ್ತಿರುತ್ತಾರೆ, ಎದುರಿಗೆ ಎಲ್ಲವನ್ನೂ ಒಪ್ಪವಾಗಿಟ್ಟುಕೊಂಡ ಶಮ್ಮಿ. ಯಾರು ಅಪಾಯಕಾರಿ ಎಂಬುದು ನಿಧಾನವಾಗಿ ತಿಳಿಯುತ್ತದೆ. ನಗುವೂ ಇದೆ, ದಯವಿಟ್ಟು ಸೇರಿಸಿ.

ಒಂಟಿ ಪರದೆ

ಮೇಷ್ಟ್ರೇ, ಮೊಬೈಲ್ ಖಾತೆಯಿಂದ ಪ್ರೊಜೆಕ್ಟರ್‌ಗೆ ಹಾಕಿ ಸಾರ್ವಜನಿಕವಾಗಿ ತೋರಿಸುವ ಹಕ್ಕು ಒಟಿಟಿ ಚಂದಾದಾರಿಕೆಯಲ್ಲಿ ಇರುವುದಿಲ್ಲ. ಕನ್ನಡ ಚಿತ್ರಗಳಿಗೆ ನಿರ್ಮಾಪಕರಿಗೇ ನೇರವಾಗಿ ಪತ್ರ ಬರೆಯಿರಿ. ವಿದ್ಯಾರ್ಥಿಗಳಿಗೆ ಎಂದರೆ ಹಲವರು ಸಂತೋಷದಿಂದ ಒಪ್ಪುತ್ತಾರೆ. ಸಾಧ್ಯವಾದರೆ ಒಂದನ್ನಾದರೂ ನಿಮ್ಮ ಊರಿನ ಚಿತ್ರಮಂದಿರದಲ್ಲೇ ಇಡಿಸಿ. ಬೆಳಗಿನ ಆಟಕ್ಕೆ ನೂರು ವಿದ್ಯಾರ್ಥಿಗಳು ಖಚಿತ ಎಂದರೆ ಯಾವ ಮಾಲೀಕರೂ ಬೇಡ ಎನ್ನುವುದಿಲ್ಲ. ದರವನ್ನು ನಾನು ಮಾತನಾಡಿಕೊಡುತ್ತೇನೆ.

ರಾಯಚೂರು ಬಿಸಿಲು

ಹಾಗೆ ಇಡಿಸುವುದಾದರೆ ಶಿವಮ್ಮನನ್ನು ಇಡಿಸಿ. ಹಾಸನದ ಮಕ್ಕಳು ನಮ್ಮ ಮಾತನ್ನು ದೊಡ್ಡ ಪರದೆಯ ಮೇಲೆ ಕೇಳಲಿ. ಧಾರವಾಡದ ಕೋಣೆಗಳ ಬಗ್ಗೆ ಇಲ್ಲಿ ಬರೆದದ್ದನ್ನು ನೋಡಿ ಇಬ್ಬರು ಈಗಾಗಲೇ ಖಾಸಗಿಯಾಗಿ ಸಂದೇಶ ಕಳಿಸಿದ್ದಾರೆ, ಚಿತ್ರಕಥೆ ಮಾಡಬೇಕಂತೆ. ಬರೆಯುವ ಮೊದಲು ಅಲ್ಲಿ ಒಂದು ಪರೀಕ್ಷೆಯ ತನಕವಾದರೂ ಇದ್ದು ಬನ್ನಿ ಎಂದಿದ್ದೇನೆ. ಉಳಿಯುವುದಕ್ಕೆ ಕೋಣೆ ನಾನು ಹುಡುಕಿಕೊಡುತ್ತೇನೆ, ಬಾಡಿಗೆ ಮಾತ್ರ ಅವರೇ ಕಟ್ಟಬೇಕು.